ಒಂದು ತಂಡ, ಹದಿಮೂರು ಪಂದ್ಯ, ಐದು ವಾಹಿನಿ: ಸಿಯಾಟಲ್‌ನ ಮನೆಯಲ್ಲಿ ಕಾಲೇಜು ಫುಟ್‌ಬಾಲ್ ನೋಡಿದ ಒಂದು ಋತು

ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಹಸ್ಕೀಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ 2024ರ ಆಗಸ್ಟ್ 31ರಿಂದ ಡಿಸೆಂಬರ್ 31ರವರೆಗೆ ಆಡಿದ ಹದಿಮೂರು ಪಂದ್ಯಗಳಲ್ಲಿ ಒಂದನ್ನು ಕ್ರೀಡಾಂಗಣದಲ್ಲಿ, ಉಳಿದ ಹನ್ನೆರಡನ್ನು ಸಿಯಾಟಲ್‌ನ ನಮ್ಮ ಮನೆಯ ಟಿವಿಯಲ್ಲಿ ನೋಡಿದ್ದೇನೆ. ಮಕ್ಕಳನ್ನು ಇದೇ ವಿಶ್ವವಿದ್ಯಾಲಯಕ್ಕೆ ಸೇರಿಸಿರುವ ಇಲ್ಲಿನ ಕನ್ನಡಿಗರು, ಮುಂದಿನ ಋತುವಿಗೆ ಯಾವ ಚಂದಾ ಕಟ್ಟಬೇಕೆಂದು ಆಗಾಗ ಕೇಳುತ್ತಿರುವುದರಿಂದ, ಕೊಟ್ಟ ಹಣಕ್ಕೆ ಏನು ದಕ್ಕಿತು, ಏನು ಕೈತಪ್ಪಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಹದಿಮೂರರಲ್ಲಿ ಐದು ಪಂದ್ಯಗಳು, ಹಸ್ಕೀಸ್ ಆಡುವ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಬಿಗ್ ಟೆನ್‌ನ ವಾಹಿನಿ ಬಿಗ್ ಟೆನ್ ನೆಟ್‌ವರ್ಕ್‌ನಲ್ಲಿ, ಮೂರು ಫಾಕ್ಸ್‌ನಲ್ಲಿ, ಎರಡು ಎನ್‌ಬಿಸಿಯಲ್ಲಿ, ಎರಡು ಪೀಕಾಕ್ ಆ್ಯಪ್‌ನಲ್ಲಿ ಮಾತ್ರ, ವರ್ಷದ ಕೊನೆಯ ದಿನದ ಸನ್ ಬೌಲ್ ಸಿಬಿಎಸ್‌ನಲ್ಲಿ ಬಂದವು. ಫಾಕ್ಸ್, ಎನ್‌ಬಿಸಿ, ಸಿಬಿಎಸ್ ಮೂರನ್ನೂ ಚಾವಣಿಯ ಆಂಟೆನಾದಿಂದ ಬಿಡಿಗಾಸಿಲ್ಲದೆ ಹಿಡಿಯಬಹುದು. ಪೀಕಾಕ್‌ಗೆ ಆಗ ತಿಂಗಳಿಗೆ ಎಂಟು ಡಾಲರ್. ಬಿಗ್ ಟೆನ್ ನೆಟ್‌ವರ್ಕ್ ಬೇಕೆಂದರೆ ಮಾತ್ರ ಆಗ ಕೇಬಲ್ ಇಲ್ಲವೇ ಹಲವು ವಾಹಿನಿಗಳ ದುಬಾರಿ ಸ್ಟ್ರೀಮಿಂಗ್ ಗೊಂಚಲನ್ನು ಕೊಳ್ಳಬೇಕಿತ್ತು.

ಹೀಗೇಕೆ ಎಂಬುದಕ್ಕೆ ಉತ್ತರ 1984ರಲ್ಲಿದೆ. ಅಲ್ಲಿಯವರೆಗೆ ಕಾಲೇಜು ಪಂದ್ಯಗಳ ಪ್ರಸಾರವನ್ನು ಎನ್‌ಸಿಎಎ ಎಂಬ ಒಂದೇ ಸಂಸ್ಥೆ ಹತೋಟಿಯಲ್ಲಿಟ್ಟುಕೊಂಡಿತ್ತು. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ಹತೋಟಿಯನ್ನು ರದ್ದುಪಡಿಸಿತು. ಐಪಿಎಲ್‌ನ 2023–27ರ ಹಕ್ಕುಗಳನ್ನು ಬಿಸಿಸಿಐ 48,390 ಕೋಟಿ ರೂಪಾಯಿಗೆ ಮಾರಿದಾಗ ಮಾರುವವರು ಒಬ್ಬರೇ ಇದ್ದರು. ಹಾಗಾಗಿ ನಮ್ಮೂರಿನ ವೀಕ್ಷಕನಿಗೆ ಪಂದ್ಯ ಎಲ್ಲಿ ಸಿಗುತ್ತದೆ ಎಂಬ ಗೊಂದಲ ಅಷ್ಟಾಗಿ ಇಲ್ಲ. ಇಲ್ಲಿ ಪ್ರತಿಯೊಂದು ಒಕ್ಕೂಟವೂ ತನ್ನ ಪಂದ್ಯಗಳನ್ನು ತಾನೇ ಮಾರುತ್ತದೆ, ನೋಟ್ರ್ ಡೇಮ್ ವಿಶ್ವವಿದ್ಯಾಲಯವಂತೂ 1991ರಿಂದ ತನ್ನ ತವರಿನ ಪಂದ್ಯಗಳನ್ನು ಒಂಟಿಯಾಗಿಯೇ ಎನ್‌ಬಿಸಿಗೆ ಮಾರುತ್ತ ಬಂದಿದೆ.

ಬಿಗ್ ಟೆನ್ ಒಕ್ಕೂಟ 2022ರ ಆಗಸ್ಟ್‌ನಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳೊಂದಿಗೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮಿಗಿಲಾದ ಒಪ್ಪಂದ ಮಾಡಿಕೊಂಡಿತು. ಅದೇ ಹೊತ್ತಿಗೆ, ಹಸ್ಕೀಸ್ ಆಗ ಇದ್ದ ನಮ್ಮ ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟ ಹೊಸ ಖರೀದಿದಾರರನ್ನು ಹುಡುಕುತ್ತಿತ್ತು. 2012ರಲ್ಲಿ ಅದು ಸ್ವಂತ ಬಂಡವಾಳದಲ್ಲಿ ಆರಂಭಿಸಿದ್ದ ವಾಹಿನಿಗಳನ್ನು ಡೈರೆಕ್‌ಟಿವಿಯಂಥ ದೊಡ್ಡ ವಿತರಕರು ಕೊನೆಯವರೆಗೂ ಸೇರಿಸಿಕೊಂಡಿರಲಿಲ್ಲ. ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ವಿಶ್ವವಿದ್ಯಾಲಯಗಳು 2022ರ ಜೂನ್‌ನಲ್ಲೇ ಬಿಗ್ ಟೆನ್‌ಗೆ ಹೋಗುವುದಾಗಿ ಪ್ರಕಟಿಸಿದ್ದವು. 2023ರ ಆಗಸ್ಟ್‌ನಲ್ಲಿ, ಚಂದಾದಾರರ ಸಂಖ್ಯೆಯನ್ನು ಅವಲಂಬಿಸಿದ ಆಪಲ್‌ನ ಪ್ರಸ್ತಾವವೊಂದೇ ಮೇಜಿನ ಮೇಲೆ ಉಳಿದಾಗ, ವಾಷಿಂಗ್ಟನ್ ಮತ್ತು ಆರೆಗನ್ ಕೂಡ ಹೊರಟವು, ಅದೂ ಹಳೆಯ ಸದಸ್ಯರಿಗೆ ಸಿಗುವ ಪಾಲಿನ ಸುಮಾರು ಅರ್ಧಕ್ಕೆ ಒಪ್ಪಿಕೊಂಡು. ಕೊನೆಗೆ ಪ್ಯಾಕ್-12ರಲ್ಲಿ ಉಳಿದದ್ದು ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ.

ಈಗ ನೋಡಿದ ಅನುಭವ. ಚಿತ್ರದ ಗುಣಮಟ್ಟದಲ್ಲಿ ನನ್ನ ಮೊದಲ ಅಂಕ ಆಂಟೆನಾಕ್ಕೆ. ಹುಲ್ಲಿನ ಮೇಲಿನ ಗಜದ ಗೆರೆಗಳು, ಕ್ವಾರ್ಟರ್‌ಬ್ಯಾಕ್‌ನ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯಲ್ಲಿನ ಸಣ್ಣ ಅಕ್ಷರಗಳ ಸಾಲುಗಳು ಕೂಡ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಗೊಂಚಲಿಗಾಗಿ ನಾನು ಚಂದಾ ಕಟ್ಟಿದ್ದ ಸೇವೆ ಮಾತ್ರ (ಅದರ ಹೆಸರು ಇಲ್ಲಿ ಬೇಡ) ನವೆಂಬರ್ 2ರಂದು ಯುಎಸ್‌ಸಿ ವಿರುದ್ಧದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಕೈಕೊಟ್ಟಿತು. ಚಿತ್ರ ನಿಂತು, ತಿರುಗುವ ಚಕ್ರವನ್ನೇ ನಾವು ನೋಡುತ್ತಿದ್ದಾಗ ಕ್ರೀಡಾಂಗಣದಲ್ಲಿದ್ದ ಗೆಳೆಯರ ಸಂದೇಶ ಫೋನಿನಲ್ಲಿ ಬಂತು: ‘ಗೆದ್ದೆವು’. ಮತ್ತೆ ಚಿತ್ರ ಮೂಡಿದಾಗ ಆಟಗಾರರು ಕೈಕುಲುಕುತ್ತಿದ್ದರು. 26–21ರ ಆ ಗೆಲುವನ್ನು ನನ್ನ ಮಗಳು ಕಣ್ಣಾರೆ ಕಾಣಲಿಲ್ಲ. ದೂರು ಕೊಟ್ಟದ್ದಕ್ಕೆ ಬಂದ ಉತ್ತರದಲ್ಲಿ ನಮ್ಮ ಮನೆಯ ಇಂಟರ್ನೆಟ್ ಪರೀಕ್ಷಿಸಿಕೊಳ್ಳುವಂತೆ ಸೂಚಿಸಿದ್ದರು. ಅದೇ ಗಳಿಗೆಯಲ್ಲಿ ಅದೇ ಇಂಟರ್ನೆಟ್‌ನಲ್ಲಿ ಮೈಸೂರಿನ ನಮ್ಮ ಅತ್ತೆಯೊಂದಿಗಿನ ವಿಡಿಯೊ ಕರೆ ಅಡ್ಡಿಯಿಲ್ಲದೆ ನಡೆಯುತ್ತಿತ್ತು.

ಆದರೆ ನನ್ನ ಮುಖ್ಯ ತಕರಾರು ಯಂತ್ರದ ಬಗ್ಗೆ ಅಲ್ಲ, ವೇಳೆಯ ಬಗ್ಗೆ. ಬಿಗ್ ಟೆನ್ ಒಪ್ಪಂದದಲ್ಲಿ ಶನಿವಾರವನ್ನು ಮೂರು ಭಾಗ ಮಾಡಿ ಹಂಚಲಾಗಿದೆ: ಪೂರ್ವ ಕರಾವಳಿಯ ಮಧ್ಯಾಹ್ನ ಫಾಕ್ಸ್‌ಗೆ, ಮೂರೂವರೆಯ ಹೊತ್ತು ಸಿಬಿಎಸ್‌ಗೆ, ರಾತ್ರಿ ಎನ್‌ಬಿಸಿಗೆ. ಪೂರ್ವದವರ ಮಧ್ಯಾಹ್ನ ಹನ್ನೆರಡು ನಮಗೆ ಬೆಳಗಿನ ಒಂಬತ್ತು. ಅಕ್ಟೋಬರ್ 12ರಂದು ಅಯೋವಾ ವಿರುದ್ಧದ ಪಂದ್ಯ ಆ ಹೊತ್ತಿಗೇ ಆರಂಭವಾಯಿತು. ಒಲೆಯ ಮೇಲಿನ ಉಪ್ಪಿಟ್ಟು ಇಳಿಯುವ ಮೊದಲೇ ನಮ್ಮ ಮನೆಯಲ್ಲಿ ಟಿವಿ ಹತ್ತಿತು. ರಟ್ಗರ್ಸ್ ವಿರುದ್ಧದ ಪಂದ್ಯ ಶುಕ್ರವಾರ ಸಂಜೆ ಐದಕ್ಕೆ, ಅಂದರೆ ಕಚೇರಿಯಿಂದ ಹೊರಟವರು ಸೇತುವೆಯ ಮೇಲೆ ಸಿಕ್ಕಿಕೊಂಡಿರುವ ಹೊತ್ತಿಗೆ. ಹಲವು ಪಂದ್ಯಗಳ ವೇಳೆ ಮತ್ತು ವಾಹಿನಿ ಹನ್ನೆರಡು ದಿನ, ಕೆಲವೊಮ್ಮೆ ಕೇವಲ ಆರು ದಿನ ಮೊದಲು ನಿರ್ಧಾರವಾಗುತ್ತವೆ. ಸ್ಪೋಕೇನ್‌ನಿಂದ ನಾಲ್ಕೂವರೆ ಗಂಟೆ ಕಾರು ಓಡಿಸಿಕೊಂಡು ಬರುವ ಕುಟುಂಬ ಹೋಟೆಲ್ ಕಾಯ್ದಿರಿಸುವುದಾದರೂ ಹೇಗೆ?

ಕ್ರೀಡಾಂಗಣದಲ್ಲಿ ನಾನು ನೋಡಿದ್ದು ಅಕ್ಟೋಬರ್ 5ರ ಮಿಷಿಗನ್ ಪಂದ್ಯ. ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ 34–13ರಿಂದ ಸೋಲಿಸಿದ್ದ ತಂಡವನ್ನು ಅಂದು ನಮ್ಮವರು 27–17ರಿಂದ ಸೋಲಿಸಿದರು. ಗದ್ದಲ ಕಿವಿಗಡಚಿಕ್ಕುವಂತಿದ್ದಾಗಲೇ ಮೈದಾನದ ಅಂಚಿನಿಂದ ಒಬ್ಬರು ಕೆಂಪು ಅಂಕಿಗಳ ಗಡಿಯಾರದ ಫಲಕ ಹಿಡಿದು ಒಳಗೆ ನಡೆದು ಬರುತ್ತಿದ್ದರು. ಟಿವಿಯಲ್ಲಿ ಜಾಹೀರಾತು ಮುಗಿಯಲು ಇನ್ನೆಷ್ಟು ಸೆಕೆಂಡ್ ಬಾಕಿ ಎಂಬುದನ್ನು ಆ ಫಲಕ ತೋರಿಸುತ್ತಿತ್ತು. ಅದು ಸೊನ್ನೆ ಮುಟ್ಟುವವರೆಗೆ ಇಪ್ಪತ್ತೆರಡು ಆಟಗಾರರೂ ಸುಮ್ಮನೆ ನಿಂತಿರುತ್ತಿದ್ದರು, ಸುತ್ತಲಿನ ಎಪ್ಪತ್ತು ಸಾವಿರ ಜನರ ಕೂಗು ನಿಧಾನವಾಗಿ ಇಳಿಯುತ್ತಿತ್ತು. ಮನೆಯಲ್ಲಿ ಕುಳಿತಾಗ ಆ ಹೊತ್ತಿಗೆ ಕಾಫಿ ಬಿಸಿ ಮಾಡಿಕೊಳ್ಳುತ್ತೇವೆ. ಮೈದಾನದಲ್ಲಿ ಆಟದ ಕಾವೇ ಆರಿಹೋಗುತ್ತದೆ.

ಈ ಒಪ್ಪಂದಗಳಿಂದ ನಾನು ಅತಿ ಹೆಚ್ಚು ಕಳೆದುಕೊಂಡದ್ದು ಆ್ಯಪಲ್ ಕಪ್‌ನ ನವೆಂಬರನ್ನು. ಹಸ್ಕೀಸ್ ಮತ್ತು ವಾಷಿಂಗ್ಟನ್ ಸ್ಟೇಟ್ ಕೂಗರ್ಸ್ ನಡುವಿನ ಸ್ಪರ್ಧೆ 1900ರಲ್ಲಿ ಆರಂಭವಾದದ್ದು. ಆ್ಯಪಲ್ ಕಪ್ ಎಂಬ ಹೆಸರು ಬಂದದ್ದು 1962ರಲ್ಲಿ. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ, ಊರಿಗೆ ಬಂದ ಮಕ್ಕಳು, ನೆಂಟರು ಎಲ್ಲ ಕೂಡಿ ನೋಡುತ್ತಿದ್ದ ಪಂದ್ಯ ಅದು. ಒಕ್ಕೂಟಗಳು ಬೇರೆಯಾದ ಮೇಲೆ ಅದಕ್ಕೆ ಉಳಿದ ಜಾಗ ಸೆಪ್ಟೆಂಬರ್ 14ರ ಮಧ್ಯಾಹ್ನ, ಅದೂ ಪೀಕಾಕ್‌ನಲ್ಲಿ ಮಾತ್ರ. ಆಂಟೆನಾ ಬಿಟ್ಟು ಬೇರೇನೂ ಇಲ್ಲದ, ನಿವೃತ್ತ ಶಿಕ್ಷಕರಾದ ನಮ್ಮ ಪಕ್ಕದ ಮನೆಯವರು, ಅವರು ಕೂಗರ್ಸ್ ಕಡೆಯವರು, ಅಂದು ನಮ್ಮ ಮನೆಗೆ ಬಂದು ಕುಳಿತರು. ಕೊನೆಯಲ್ಲಿ ನಮ್ಮ ತಂಡಕ್ಕೆ, ನಿಯಮದಂತೆ ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದರಲ್ಲಿ, ಅಂಕದ ಗೆರೆ ಮುಟ್ಟಲು ಒಂದೇ ಒಂದು ಗಜ ಬೇಕಿತ್ತು. ಕೂಗರ್ಸ್ ಬಿಟ್ಟುಕೊಡಲಿಲ್ಲ. ಟಿವಿ ಒಪ್ಪಂದದ ಮಾರುಕಟ್ಟೆಯಲ್ಲಿ ಯಾರಿಗೂ ಬೇಡವಾಗಿದ್ದ ತಂಡ 24–19ರಿಂದ ಗೆದ್ದಿತು. ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ, ಕೈಯಲ್ಲಿದ್ದ ಟೋಪಿಯನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದರು. ನಾವು ಸೋತಿದ್ದರೂ ಅವರ ಸಂತೋಷ ನನಗೆ ಸರಿಯೆನಿಸಿತು.

ಇನ್ನು ಖರೀದಿಯ ಸಲಹೆ. ಬಿಗ್ ಟೆನ್ ನೆಟ್‌ವರ್ಕ್‌ನ ಐದು ಪಂದ್ಯಗಳು ಆಗಸ್ಟ್ 31, ಸೆಪ್ಟೆಂಬರ್ 7 ಮತ್ತು 21, ಅಕ್ಟೋಬರ್ 26, ನವೆಂಬರ್ 2ರಂದು ಬಿದ್ದವು. ಗೊಂಚಲನ್ನು ಆಗಸ್ಟ್ ಕೊನೆಯಲ್ಲಿ ಒಂದು ತಿಂಗಳು, ಅಕ್ಟೋಬರ್ ಕೊನೆಯಲ್ಲಿ ಮತ್ತೊಂದು ತಿಂಗಳು ಕೊಂಡಿದ್ದರೆ ಸಾಕಾಗುತ್ತಿತ್ತು. ನಾನು ನಾಲ್ಕು ತಿಂಗಳು ಕಟ್ಟಿದೆ. ಆದ್ದರಿಂದ ವೇಳಾಪಟ್ಟಿ ಪ್ರಕಟವಾದಂತೆಲ್ಲ ಗೋಡೆಯ ಕ್ಯಾಲೆಂಡರ್‌ನಲ್ಲಿ ವಾಹಿನಿಯ ಹೆಸರು ಗುರುತಿಸಿ, ಬೇಕಾದ ತಿಂಗಳಿಗಷ್ಟೇ ಚಂದಾ ಕಟ್ಟಿ, ಕಟ್ಟಿದ ದಿನವೇ ಸ್ವಯಂ ನವೀಕರಣವನ್ನು ನಿಲ್ಲಿಸಿಬಿಡಿ. ಪೀಕಾಕ್‌ಗೂ ಇದೇ ಕ್ರಮ: ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಪ್, ನವೆಂಬರ್ 9ರಂದು ಪೆನ್ ಸ್ಟೇಟ್, ಎರಡೇ ತಿಂಗಳು. ಆಂಟೆನಾವನ್ನು ಮಾತ್ರ ಎಲ್ಲರೂ ಕೊಳ್ಳಿ. ಒಳ್ಳೆಯದು ಮೂವತ್ತು–ನಲವತ್ತು ಡಾಲರ್‌ಗೆ ಸಿಗುತ್ತದೆ, ಕಿಟಕಿಗೆ ಅಂಟಿಸುವುದಕ್ಕಿಂತ ಚಾವಣಿಯಲ್ಲಿಟ್ಟದ್ದು ನಮ್ಮ ಮನೆಯಲ್ಲಿ ಚೆನ್ನಾಗಿ ಹಿಡಿಯಿತು.

2025ರ ಆ್ಯಪಲ್ ಕಪ್ ನಿಗದಿಯಾದದ್ದು ಸೆಪ್ಟೆಂಬರ್ 20ರಂದು ಕೂಗರ್ಸ್‌ನ ತವರಾದ ಪುಲ್‌ಮನ್‌ನಲ್ಲಿ, ಪ್ರಸಾರ ಸಿಬಿಎಸ್‌ನಲ್ಲಿ. ಪಕ್ಕದ ಮನೆಯವರ ಆಂಟೆನಾ ಅದನ್ನು ಹಿಡಿಯುತ್ತದೆ. ಆ ಸಲ ನಾವೇ ಅವರ ಮನೆಗೆ ಹೋಗುವುದೆಂದುಕೊಂಡೆವು.