ಮಂಡಕ್ಕಿ ಫೀಡರ್‌ನ ಸಣ್ಣ ಮೋಟಾರಿಗೆ ಯಾವ ಸರ್ವೋ ಕಂಟ್ರೋಲರ್?

ದಾವಣಗೆರೆಯಲ್ಲಿ ಮಂಡಕ್ಕಿ ಪ್ಯಾಕ್ ಮಾಡುವ ಸಣ್ಣ ಯಂತ್ರ ಕಟ್ಟುವವರಿಗೆ ಬೇಕಾದದ್ದು ಇಷ್ಟೇ: ಫೀಡರ್ ಗೇಟ್ ಪ್ರತಿ ಸಲ ಕಾಲು ಸುತ್ತು ತಿರುಗಿ ಅಲ್ಲೇ ನಿಲ್ಲಬೇಕು. ಅದಕ್ಕೆಂದು ಮೂರು ಕಂಟ್ರೋಲರ್‌ಗಳನ್ನು ಒಂದೇ 12 ವೋಲ್ಟ್ ಮೋಟಾರಿಗೆ ಹಾಕಿ ನೋಡಿದೆವು. ಗೇರ್ 30:1, ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತೆಂದು ಹೇಳುವ ಸೆನ್ಸರ್) ಮೋಟಾರಿನ ಒಂದು ಸುತ್ತಿಗೆ 16 ಪಲ್ಸ್. ಅದರ ಎ, ಬಿ ಎರಡೂ ಚಾನೆಲ್‌ಗಳ ಏರಿಳಿತ ಎಣಿಸಿದರೆ 64; ಗೇಟಿನ ಪೂರ್ತಿ ಸುತ್ತಿಗೆ 1920, ಕಾಲು ಸುತ್ತಿಗೆ 480.

ಮೊದಲನೆಯದು ಆರ್ಡುಯಿನೋ ಊನೋ ಬೋರ್ಡ್, ಜೊತೆಗೆ ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಚಿಪ್. ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಈ ಚಿಪ್ ಹಳೇ ಟ್ರಾನ್ಸಿಸ್ಟರ್ ಮಾದರಿಯದು. 1 ಆಂಪ್ ಹರಿದರೆ 1.8ರಿಂದ 3.2 ವೋಲ್ಟ್ ಅದರಲ್ಲೇ ಬಿಸಿಯಾಗಿ ಹೋಗುತ್ತದೆ. ನಿಧಾನವಾಗಿ ತಿರುಗಿಸಲು ಹೊರಟಾಗಲೇ ಇದರ ತಾಪತ್ರಯ ಕಾಣುವುದು: ಮೋಟಾರ್ ಮೊದಲು ಅಲುಗುವುದೇ ಇಲ್ಲ, ಪಿಐಡಿಯ (ತಪ್ಪು ನೋಡಿ ಮೋಟಾರನ್ನು ತಿದ್ದುವ ಲೆಕ್ಕ) ಐ ಭಾಗ, ಅಂದರೆ ಉಳಿದ ತಪ್ಪನ್ನು ಕೂಡಿಸುತ್ತಾ ಹೋಗುವ ಭಾಗ, ಒಳಗೊಳಗೇ ಬೆಳೆಯುತ್ತದೆ, ಆಮೇಲೆ ಗೇಟ್ ಒಮ್ಮೆಲೇ ಜಿಗಿದು 480 ದಾಟುತ್ತದೆ. ಪಿಐಡಿ ಅಂಕಿಗಳನ್ನು ಎಷ್ಟು ತಿದ್ದಿದರೂ ಇದು ಪೂರ್ತಿ ಹೋಗದು. ವೇಗ ಹೊಂದಿಸಲು ವೋಲ್ಟೇಜನ್ನು ಬೇಗಬೇಗ ಆನ್-ಆಫ್ ಮಾಡುವ ಪಿಡಬ್ಲ್ಯೂಎಂ ಅನ್ನು 490 ಹರ್ಟ್ಜ್‌ನಿಂದ 31 ಕಿಲೋಹರ್ಟ್ಜ್‌ಗೆ ಏರಿಸಿದರೆ ಕೀರಲು ಸದ್ದು ನಿಲ್ಲುತ್ತದೆ, ಆದರೆ ಚಿಪ್ ಇನ್ನೂ ಬಿಸಿಯಾಗುತ್ತದೆ. 9 ಅಥವಾ 10ನೇ ಪಿನ್ನಿನಲ್ಲಿ ಟೈಮರ್ 1ರ ಭಾಜಕ 8 ಮಾಡಿ, ಸುಮಾರು 3.9 ಕಿಲೋಹರ್ಟ್ಜ್‌ನಲ್ಲಿ ಓಡಿಸುವುದು ವಾಸಿ. ಎನ್‌ಕೋಡರ್ ವೈರ್‌ಗಳು 2 ಮತ್ತು 3ನೇ ಪಿನ್ನಿಗೇ ಬರಲಿ, ಊನೋದಲ್ಲಿ ಬಾಹ್ಯ ಇಂಟರಪ್ಟ್ (ಪಲ್ಸ್ ಬಂದ ಕೂಡಲೇ ಎಣಿಸುವ ಸೌಲಭ್ಯ) ಇರುವುದು ಅವೆರಡಕ್ಕೇ.

ಮ್ಯಾಕ್ಸಾನ್ ಎಸ್ಕಾನ್ 36/2 ಡಿಸಿ ವೇಗಕ್ಕೆ ಬಲು ಚೆಂದ. 10ರಿಂದ 36 ವೋಲ್ಟ್, ಸತತ 2 ಆಂಪ್. ತೀರಾ ನಿಧಾನದಲ್ಲೂ ಮೋಟಾರ್ ತಡವರಿಸುವುದಿಲ್ಲ. ಆದರೆ ಕೊಳ್ಳುವ ಮೊದಲೇ ತಿಳಿದಿರಲಿ, ಇದಕ್ಕೆ ಸ್ಥಾನ ನಿಯಂತ್ರಣ ಗೊತ್ತಿಲ್ಲ. ಎಣಿಕೆ ಆರ್ಡುಯಿನೋ ಇಟ್ಟುಕೊಂಡು, 10ರಿಂದ 90 ಶೇಕಡಾ ಪಿಡಬ್ಲ್ಯೂಎಂ ಆಗಿ ವೇಗದ ಆದೇಶ ಕಳಿಸಬೇಕು. 50 ಅಂದರೆ ನಿಲುಗಡೆ ಎಂದು ಸೆಟ್ ಮಾಡಿಕೊಳ್ಳಿ.

ಗೇಟಿಗೆ ನಮ್ಮ ಆಯ್ಕೆ ರೋಬೋಕ್ಲಾ 2×7ಎ. ವೇಗ, ಸ್ಥಾನ ಎರಡನ್ನೂ ತಾನೇ ನೋಡಿಕೊಳ್ಳುತ್ತದೆ. ಮೊದಲು ವೇಗದ ಆಟೋಟ್ಯೂನ್ (ಬೋರ್ಡ್ ತಾನೇ ಮೋಟಾರ್ ಓಡಿಸಿ ಅಂಕಿಗಳನ್ನು ಹೊಂದಿಸಿಕೊಳ್ಳುವುದು), ಆಮೇಲೆ ಸ್ಥಾನದ್ದು. ಎರಡಕ್ಕೂ ಮುಂಚೆ ಗೇಟನ್ನು ಶಾಫ್ಟಿನಿಂದ ಬಿಚ್ಚಿಡಿ, ಇಲ್ಲದಿದ್ದರೆ ಸ್ಟಾಪರ್‌ಗೆ ಬಡಿದು ಗೇರಿನ ಹಲ್ಲು ಹೋಗುತ್ತದೆ. ಮೋಟಾರ್ ತಟ್ಟನೆ ನಿಂತಾಗ ಕರೆಂಟ್ ವಾಪಸ್ ಬರುತ್ತದೆ. ಬ್ಯಾಟರಿ ಅದನ್ನು ನುಂಗಿಕೊಳ್ಳುತ್ತದೆ, ಎಸ್‌ಎಂಪಿಎಸ್ ಪವರ್ ಸಪ್ಲೈ ನುಂಗುವುದಿಲ್ಲ. ವೋಲ್ಟೇಜ್ ಏರಿ ಬೋರ್ಡ್ ದೋಷ ತೋರಿಸುತ್ತದೆ. ಮೋಟಾರ್ ತಟ್ಟನೆ ನಿಲ್ಲದೆ ನಿಧಾನವಾಗಿ ನಿಲ್ಲುವಂತೆ ಮಾಡಿ, ಬೋರ್ಡಿನ ಪಕ್ಕದಲ್ಲೇ 2200 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್ ಹಾಕಿ.

ಮೂರರಲ್ಲೂ ಒಂದು ಪರೀಕ್ಷೆ ತಪ್ಪಿಸಬೇಡಿ. ಲೂಪ್ (ಎಣಿಕೆ ನೋಡಿ ತಾನೇ ತಿದ್ದುವ ವ್ಯವಸ್ಥೆ) ಆನ್ ಮಾಡುವ ಮೊದಲು, ಮೋಟಾರ್ ಅಲುಗುವಷ್ಟು ಮಾತ್ರ ಮುಂದಕ್ಕೆ ಕೊಟ್ಟು ಎಣಿಕೆ ನೋಡಿ. ಏರಿದರೆ ಸರಿ. ಇಳಿದರೆ ಎನ್‌ಕೋಡರ್‌ನ ಎ, ಬಿ ವೈರ್ ಅದಲುಬದಲಾಗಿದೆ; ಹಾಗೇ ಲೂಪ್ ಆನ್ ಮಾಡಿದರೆ ತಪ್ಪು ಕಡಿಮೆಯಾಗುವ ಬದಲು ಬೆಳೆಯುತ್ತಾ, ಮೋಟಾರ್ ಪೂರ್ತಿ ವೇಗದಲ್ಲಿ ಓಡಿಬಿಡುತ್ತದೆ.