ಎತ್ತರದ ಫಾಕ್ಸ್‌ಟೇಲ್ ಪಾಮ್ ಕೊಳ್ಳುವವರು ಮೊದಲು ಗುಂಡಿಯ ಆಳ ನೋಡಿ

ಗೇಟಿನಿಂದ ಕ್ಲಬ್‌ಹೌಸ್‌ವರೆಗೆ ಎರಡು ಸಾಲು ಫಾಕ್ಸ್‌ಟೇಲ್ ಪಾಮ್ (ನರಿಬಾಲದಂಥ ಗರಿಯ ಅಲಂಕಾರದ ತಾಳೆ) ನೆಡಿಸುವುದು ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಹೀಗೆ ನೆಟ್ಟ ಸಾಲು ಒಂದೂವರೆ ವರ್ಷದೊಳಗೆ ಮುಕ್ಕಾಲು ಪಾಲು ಸತ್ತಿತು. ಮಾರಿದವರು ಕೊಟ್ಟಿದ್ದು ಮೂರು ತಿಂಗಳ ಗ್ಯಾರಂಟಿ. ಆ ಮೂರು ತಿಂಗಳು ಗಿಡಗಳು ಹಚ್ಚಹಸಿರಾಗಿಯೇ ಇದ್ದವು. ಪಾಮ್ ತನ್ನ ಕಾಂಡದಲ್ಲಿ ನೀರನ್ನೂ ಪಿಷ್ಟವನ್ನೂ ಕೂಡಿಟ್ಟುಕೊಂಡಿರುತ್ತದೆ, ಬೇರು ಕೊಳೆತ ಮೇಲೂ ತಿಂಗಳುಗಟ್ಟಲೆ ಅದರ ಮೇಲೆ ಬದುಕುತ್ತದೆ. ಸುಳಿ ಬಾಡುವ ಹೊತ್ತಿಗೆ ಗ್ಯಾರಂಟಿ ಮುಗಿದಿರುತ್ತದೆ, ಕೇಳಿದರೆ "ನೀರು ಸರಿಯಾಗಿ ಹಾಕಿಲ್ಲ" ಎಂಬ ಉತ್ತರ ಬರುತ್ತದೆ.

ಹಾಗೆಂದು ಗಿಡವೇನೂ ಬಲಹೀನವಲ್ಲ. ಇದರ ತವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕೇಪ್ ಮೆಲ್ವಿಲ್ ಬೆಟ್ಟಗಳು. ಅಲ್ಲಿ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ, ನೀರು ನಿಲ್ಲದ ಮರಳುಮಣ್ಣಿನಲ್ಲಿ ಬೆಳೆಯುತ್ತದೆ. ಬಿಸಿಲು, ಒಣಹವೆ ತಡೆದುಕೊಳ್ಳುತ್ತದೆ. ತಡೆಯದಿರುವುದು ಬೇರಿಗೆ ಉಸಿರುಗಟ್ಟುವುದನ್ನು.

ಸತ್ತ ಗಿಡಗಳನ್ನು ಅಗೆದಾಗ ಕಾಂಡ ಒಂದೂವರೆ ಅಡಿ ಮಣ್ಣೊಳಗಿತ್ತು. ಬೇರು ಕಪ್ಪಾಗಿ ಹುಳಿವಾಸನೆ ಬರುತ್ತಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂದು, ದಾರದಂಥ ನಾರು ಮಾತ್ರ ಉಳಿಯುತ್ತಿತ್ತು. ಇಷ್ಟು ಆಳ ಹೂಳುವುದಕ್ಕೆ ಕಾರಣ ಎರಡು. ಬೇರು ಹಿಡಿದ ಮಣ್ಣಿನ ಉಂಡೆ ಚಿಕ್ಕದು, ಕಾಂಡ ಉದ್ದ; ಆಳಕ್ಕಿಳಿಸಿದರೆ ಊರುಗೋಲಿನ ಖರ್ಚು ಉಳಿಯುತ್ತದೆ. ಜೊತೆಗೆ, ಹೆಚ್ಚುಕಮ್ಮಿ ಎತ್ತರದ ಗಿಡಗಳ ತಲೆಗಳನ್ನು ಒಂದೇ ಮಟ್ಟಕ್ಕೆ ತಂದು ಸಾಲು ಚೆಂದ ಕಾಣಿಸಬಹುದು. ಪಾಮ್‌ಗೆ ಹೊಸ ಬೇರು ಒಡೆಯುವುದು ಕಾಂಡದ ಬುಡದಲ್ಲಿ. ಆ ಭಾಗ ಗಾಳಿಯಾಡದ ಆಳಕ್ಕೆ ಹೋದರೆ ಹೊಸ ಬೇರು ನಿಲ್ಲುತ್ತದೆ, ಇದ್ದದ್ದೂ ಕೊಳೆಯುತ್ತದೆ.

ಗುಂಡಿ ಉಂಡೆಯಷ್ಟೇ ಆಳ ಇರಲಿ, ಅಗಲ ಮಾತ್ರ ಅದರ ಎರಡು ಪಟ್ಟು. ಉಂಡೆಯ ಮೇಲ್ಭಾಗ ನೆಲಕ್ಕೆ ಸಮ, ಬೇಕಿದ್ದರೆ ಒಂದಿಂಚು ಮೇಲೆ. ನೆಡುವ ಮೊದಲು ಗುಂಡಿ ತುಂಬ ನೀರು ಬಿಟ್ಟು ನೋಡಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಪಾಮ್ ಬೇಡವೇ ಬೇಡ. ಬಿಲ್ಡರ್ ತುಂಬಿಸಿದ ಸಿಮೆಂಟ್ ಚೂರು, ಪ್ಲಾಸ್ಟರ್ ಪುಡಿ ಸಿಕ್ಕರೆ ಪೂರ್ತಿ ತೆಗೆಸಿ ಕೆಮ್ಮಣ್ಣು, ಮರಳು ಹಾಕಿಸಿ. ಸಿಮೆಂಟ್ ಚೂರಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಮ್ಯಾಂಗನೀಸ್ ಎಂಬ ಪೋಷಕಾಂಶ ಬೇರಿಗೆ ದಕ್ಕುವುದಿಲ್ಲ. ಹೊಸ ಗರಿ ಗಿಡ್ಡಗೆ, ಸುಕ್ಕಾಗಿ, ಸುಟ್ಟಂತೆ ಹೊರಬರುತ್ತದೆ. ಗಡಸು ಬೋರ್‌ವೆಲ್ ನೀರೂ ಇದೇ ತೊಂದರೆ ಕೊಡುತ್ತದೆ. ವಾಟರ್ ಸಾಫ್ಟ್‌ನರ್‌ನ ಉಪ್ಪುನೀರು ಎಸ್‌ಟಿಪಿಗೆ (ಕೊಳಚೆನೀರು ಸಂಸ್ಕರಣಾ ಘಟಕಕ್ಕೆ) ಸೇರುತ್ತಿದ್ದರೆ ಆ ಸಂಸ್ಕರಿಸಿದ ನೀರನ್ನು ಹೊಸ ಗಿಡಕ್ಕೆ ಬಿಡಬೇಡಿ.

ನೆಡಲು ಮುಂಗಾರಿನ ಶುರು ಒಳ್ಳೆಯ ಕಾಲ, ಮಣ್ಣು ಬೆಚ್ಚಗಿರುವಾಗಲೇ ಬೇರು ಬೇಗ ಒಡೆಯುವುದು. ಡಿಸೆಂಬರ್ ಚಳಿಯಲ್ಲಿ ಬೇಡ.

ಊರುಗೋಲು ನಿಲ್ಲಿಸುವಾಗ ಪಕ್ಕದಲ್ಲೇ ನಿಂತಿರಿ. ಕಾಂಡಕ್ಕೆ ನೇರವಾಗಿ ಮೊಳೆ ಹೊಡೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಮಾವು, ಹೊಂಗೆಯ ಗಾಯ ಮಾಯುವಂತೆ ಪಾಮ್‌ನ ಗಾಯ ಮಾಯುವುದಿಲ್ಲ, ಗಿಡ ಸಾಯುವವರೆಗೂ ತೂತು ತೂತೇ. ಕಾಂಡ ಕೊರೆಯುವ ಕೆಂಪು ಮೂತಿ ಹುಳು ಮೊಟ್ಟೆ ಇಡಲು ಇಂಥ ಗಾಯವನ್ನೇ ಹುಡುಕುತ್ತದೆ. ಕಾಂಡಕ್ಕೆ ಗೋಣಿ ಸುತ್ತಿ, ಅದರ ಮೇಲೆ ಮರದ ಪಟ್ಟಿಗಳನ್ನು ಬಿಗಿದು, ಮೊಳೆಯನ್ನು ಪಟ್ಟಿಗೆ ಮಾತ್ರ ಹೊಡೆಸಿ.

ಆ ಅಪಾರ್ಟ್‌ಮೆಂಟ್‌ನಲ್ಲಿ ಉಳಿದ ಗಿಡಗಳನ್ನೂ ಹಾಳುಮಾಡಿದ್ದು ಕತ್ತರಿ. ಹಳೆಯ ಗರಿಗಳಲ್ಲಿ ಕಿತ್ತಳೆ ಚುಕ್ಕೆ ಬಂದು ತುದಿ ಒಣಗಿದರೆ ಅದು ಪೊಟ್ಯಾಶ್ ಕೊರತೆ. ಗಿಡ ಹಳೆಯ ಗರಿಯಿಂದ ಪೊಟ್ಯಾಶ್ ಹೀರಿ ಹೊಸದಕ್ಕೆ ಕೊಡುತ್ತಿರುತ್ತದೆ. ಅಂದಕ್ಕೆಂದು ಅವನ್ನು ಕತ್ತರಿಸಿದರೆ ಮುಂದಿನ ಗರಿಯಿಂದ ಹೀರಲು ಶುರುಮಾಡುತ್ತದೆ, ಗರಿಗಳ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ಹಳದಿ ಕಂಡಕೂಡಲೇ ಎಪ್ಸಂ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಒಂದನ್ನೇ ಸುರಿಯುವುದೂ ತಪ್ಪು, ಮೆಗ್ನೀಷಿಯಂ ಹೆಚ್ಚಾದಷ್ಟೂ ಪೊಟ್ಯಾಶ್ ಕೊರತೆ ಬಿಗಡಾಯಿಸುತ್ತದೆ. ಎರಡನ್ನೂ ಜೊತೆಯಲ್ಲೇ ಕೊಡಬೇಕು.

ಕೊಳ್ಳುವಾಗ ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿ. ಉಂಡೆ ಅಲುಗದೆ ಕಾಂಡ ಮಾತ್ರ ಅಲುಗಿದರೆ ಒಳಗೆ ಬೇರು ಹರಿದಿದೆ. ಬಿಚ್ಚದ ಸುಳಿಯನ್ನು ಹಗುರಾಗಿ ಎಳೆಯಿರಿ. ಕೈಗೆ ಕಿತ್ತುಬಂದು ನಾತ ಹೊಡೆದರೆ ಆ ಗಿಡ ಮುಗಿಯಿತು, ಏಕೆಂದರೆ ಫಾಕ್ಸ್‌ಟೇಲ್‌ಗೆ ಇರುವುದು ಒಂದೇ ಸುಳಿ. ಆದಷ್ಟೂ ಚೀಲದಲ್ಲೇ ಬೆಳೆದ ನಾಲ್ಕೈದು ಅಡಿಯ ಗಿಡ ತನ್ನಿ, ನೆಲದಿಂದ ಕಿತ್ತು ಗೋಣಿ ಸುತ್ತಿದ ದೊಡ್ಡ ಗಿಡಕ್ಕಿಂತ ಬೇಗ ಹಿಡಿಯುತ್ತದೆ. ದೊಡ್ಡದೇ ಬೇಕೆಂದರೆ ಕನಿಷ್ಠ ಒಂದು ವರ್ಷದ ಗ್ಯಾರಂಟಿ ಮತ್ತು ನೆಡುವ ಆಳ, ಎರಡನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಈಗಾಗಲೇ ಆಳಕ್ಕೆ ನೆಟ್ಟು ತಿಂಗಳೆರಡು ತಿಂಗಳಾಗಿದ್ದರೆ ತಡಮಾಡದೆ ಬುಡದ ಮಣ್ಣು ತೆಗೆಸಿ, ಉಂಡೆಯ ಮೇಲ್ಭಾಗ ಕಾಣುವವರೆಗೆ. ಅಲ್ಲಿ ಮಳೆನೀರು ನಿಲ್ಲದಂತೆ ಒಂದು ಕಡೆ ಕಾಲುವೆ ತೋಡಿಸಿ. ಸತ್ತ ಗಿಡವನ್ನು ಕಾಂಪೌಂಡ್ ಮೂಲೆಯಲ್ಲಿ ಒರಗಿಸಿ ಇಡಬೇಡಿ. ಕೊಳೆಯುವ ಕಾಂಡದಲ್ಲೂ ತಿಪ್ಪೆಗೊಬ್ಬರದ ರಾಶಿಯಲ್ಲೂ ಸುಳಿ ಕೊರೆಯುವ ರೈನೋಸೆರಸ್ ದುಂಬಿ ಮರಿಮಾಡುತ್ತದೆ, ಅಕ್ಕಪಕ್ಕದ ಮನೆಗಳ ತೆಂಗಿಗೂ ಅದೇ ಹಾರುತ್ತದೆ.