ನೀಲಿ, ಲ್ಯಾವೆಂಡರ್, ಚಾಕೊಲೇಟ್: ಜುಟ್ಟಿನ ಕೋಳಿಯಲ್ಲಿ ಮೂರು ಬಣ್ಣಗಳ ಬೆನ್ನು ಹತ್ತಿದ ಕಥೆ

ಕನ್ನಡದಲ್ಲಿ ಹುಂಜದ ತಲೆಯ ಕೆಂಪು ಮಾಂಸಕ್ಕೂ ಜುಟ್ಟು ಅಂತಲೇ ಹೇಳುತ್ತೇವೆ. ನಾನು ಹೇಳಹೊರಟಿರುವುದು ಅದಲ್ಲ, ಪುಕ್ಕದ ಜುಟ್ಟು. ಪೋಲಿಷ್ ಕೋಳಿಯ ತಲೆಯ ಮೇಲೆ ಸೇವಂತಿಗೆ ಹೂವಿನ ಹಾಗೆ ಅರಳಿ, ಕಣ್ಣು ಮುಚ್ಚುವಷ್ಟು ಇಳಿಬೀಳುತ್ತದಲ್ಲ, ಅದು. ಹೆಸರು ಪೋಲಿಷ್ ಆದರೂ ಮೂಲ ಪೋಲೆಂಡೇ ಅಂತ ಖಚಿತವಿಲ್ಲ. 17ನೇ ಶತಮಾನದ ಡಚ್ ಚಿತ್ರಗಳಲ್ಲೇ ಇಂಥ ಜುಟ್ಟಿನ ಕೋಳಿಗಳು ಓಡಾಡುತ್ತಿವೆ.

ಬಿಳಿ ಜುಟ್ಟು, ಕಪ್ಪು ಮೈ ಇರುವವು ಸುಲಭವಾಗಿ ಸಿಗುತ್ತವೆ. ನನಗೆ ಬೇಕಿದ್ದದ್ದು ಅಪರೂಪದ ಬಣ್ಣ. ನಾಲ್ಕು ವರ್ಷದಲ್ಲಿ ಮೂರು ದಾರಿ ಹಿಡಿದೆ: ನೀಲಿ, ಲ್ಯಾವೆಂಡರ್, ಚಾಕೊಲೇಟ್. ಮೂರಕ್ಕೂ ಶೇಕಡಾವಾರು ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಮನೆಯಲ್ಲಿ ಸಾಕುವವರಿಗೆ ಬೇರೊಂದು ಲೆಕ್ಕ ಇದೆ: ಮರಿ ಮಾಡಿಸಿದ ಮೇಲೆ ಗೂಡಲ್ಲಿ ಉಳಿಯುವ, ಬೇಡವಾದ ಕೋಳಿಗಳು ಎಷ್ಟು? ಅವು ಬೇಡದವು ಅಂತ ಗೊತ್ತಾಗೋಕೆ ಎಷ್ಟು ದಿನ ಬೇಕು? ನಾನು ಮೂರನ್ನೂ ತೂಗುವುದು ಈ ತಕ್ಕಡಿಯಲ್ಲೇ.

ನೀಲಿಯಿಂದ ಶುರು ಮಾಡಿದೆ. ನೀಲಿ ಅಂದರೆ ಆಕಾಶದ ನೀಲಿ ಅಲ್ಲ, ಮೋಡದ ಬೂದು. ಕಪ್ಪನ್ನು ತೆಳುಮಾಡುವ ಜೀನ್ ಒಂದೇ ಪ್ರತಿ ಇದ್ದರೆ ಕೋಳಿ ನೀಲಿ. ಎರಡಿದ್ದರೆ ಸ್ಪ್ಲ್ಯಾಶ್, ಅಂದರೆ ಬಿಳಿಚಿದ ಮೈಮೇಲೆ ಇಂಕು ಚೆಲ್ಲಿದ ಹಾಗೆ. ಒಂದೂ ಇಲ್ಲದಿದ್ದರೆ ಕಪ್ಪು. ಬೇಟ್‌ಸನ್ ಮತ್ತು ಪನ್ನೆಟ್ ಅನ್ನುವ ತಳಿವಿಜ್ಞಾನಿಗಳು 20ನೇ ಶತಮಾನದ ಆರಂಭದಲ್ಲೇ ಆಂಡಲೂಸಿಯನ್ ಕೋಳಿಗಳಲ್ಲಿ ಇದನ್ನು ತೋರಿಸಿಕೊಟ್ಟಿದ್ದರು. ಅದನ್ನು ಓದಿಯೂ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ನೀಲಿ ಬೇಕು ಅಂತ ನೀಲಿ ಹುಂಜವನ್ನು ನೀಲಿ ಹೇಟೆಗಳ ಜೊತೆ ಬಿಟ್ಟೆ. ಅರ್ಧ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲ್ಯಾಶ್ ಬರಬೇಕು. ಇಟ್ಟ 24 ಮೊಟ್ಟೆಗಳಲ್ಲಿ 13 ಮರಿಯಾದವು. ಅದರಲ್ಲಿ ನೀಲಿ 4, ಕಪ್ಪು 6, ಸ್ಪ್ಲ್ಯಾಶ್ 3. ಅರ್ಧ ಅನ್ನೋದು ಸಾವಿರ ಮರಿ ಎಣಿಸುವವನಿಗೆ ನಿಜ. ಹದಿಮೂರು ಎಣಿಸುವವನಿಗೆ ಅದು ಬರೀ ಆಸೆ.

ಮರು ವರ್ಷ ಆ ಮೂರರಲ್ಲಿ ಒಂದು ಸ್ಪ್ಲ್ಯಾಶ್ ಹುಂಜವನ್ನೇ ಇಟ್ಟುಕೊಂಡು ಕಪ್ಪು ಹೇಟೆಗಳಿಗೆ ಸೇರಿಸಿದೆ. 14 ಮರಿ, ಹದಿನಾಲ್ಕೂ ನೀಲಿ. ಇಲ್ಲಿ ಅದೃಷ್ಟಕ್ಕೆ ಕೆಲಸವೇ ಇಲ್ಲ. ಅಪ್ಪ ಕೊಡುವುದು ಒಂದು ಪ್ರತಿ, ಅಮ್ಮ ಕೊಡುವುದು ಏನೂ ಇಲ್ಲ, ಎಲ್ಲ ಮರಿಗೂ ಒಂದೊಂದು. ಬಿಳಿ ಜುಟ್ಟಿನ ಸಾಲಿನಲ್ಲಿ ಸ್ಪ್ಲ್ಯಾಶ್ ನೋಡೋಕೆ ಸಪ್ಪೆ, ಮೈಯೂ ಬಿಳಿಚಿಕೊಂಡು ಜುಟ್ಟು ಎದ್ದು ಕಾಣುವುದಿಲ್ಲ. ಆದರೂ ಗೂಡಿಗೆ ಅದೇ ಯಜಮಾನ. ಒಂದು ಕೊರತೆ ಇದೆ. ಹದಿನಾಲ್ಕರ ನೀಲಿಯೂ ಒಂದೇ ಥರ ಇರಲಿಲ್ಲ. ಕೆಲವು ಸ್ಲೇಟಿನಷ್ಟು ಗಾಢ, ಕೆಲವು ಒಲೆಯ ಬೂದಿಯಷ್ಟು ತೆಳು. ಪುಕ್ಕದ ಅಂಚಿನ ಕಪ್ಪು ಗೆರೆ ಎಲ್ಲದರಲ್ಲೂ ಬರಲಿಲ್ಲ. ಜೊತೆಗೆ ಈ ನೀಲಿ ಎಂದಿಗೂ ನಿಲ್ಲುವ ಬಣ್ಣವಲ್ಲ. ನೀಲಿಗೆ ನೀಲಿ ಸೇರಿಸಿದ ದಿನ ಮತ್ತೆ ಮೂರು ಬಣ್ಣವಾಗಿ ಒಡೆಯುತ್ತದೆ.

ಬಣ್ಣದ ಗುಂಗಿನಲ್ಲಿ ನಾನು ಮರೆತಿದ್ದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಮೊದಲ 24 ಮೊಟ್ಟೆಗಳಲ್ಲಿ ಏಳನೇ ದಿನ ಬೆಳಕು ಹಿಡಿದು ನೋಡಿದರೆ 9 ಬರಿದು. ಹುಂಜದ ಮೇಲೆ ಅನುಮಾನ ಪಟ್ಟೆ. ಪಾಪ, ಅದಕ್ಕೆ ಹೇಟೆ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಮೊಟ್ಟೆ ಕೂಡಿಸುವ ಮೊದಲು ಹುಂಜ, ಹೇಟೆ ಎರಡರದ್ದೂ ಕಣ್ಣಿನ ಸುತ್ತಲಿನ ಜುಟ್ಟು ಕತ್ತರಿಸಬೇಕು, ಹಿಂಭಾಗದ ದಟ್ಟ ಪುಕ್ಕವನ್ನೂ ಸ್ವಲ್ಪ ಬಿಡಿಸಬೇಕು. ಹಾಗೆ ಮಾಡಿದ ಮೇಲೆ 18ರಲ್ಲಿ ಬರಿದಾದದ್ದು ಎರಡೇ. ಚಂದದ ಜುಟ್ಟನ್ನು ಕೈಯಾರೆ ಕತ್ತರಿಸೋಕೆ ಮನಸ್ಸು ಬರಲ್ಲ, ನಿಜ. ಮುಂದಿನ ಗರಿ ಬದಲಾವಣೆಯಲ್ಲಿ ಮತ್ತೆ ಬರುತ್ತದೆ ಬಿಡಿ.

ಲ್ಯಾವೆಂಡರಿನ ಮೇಲೆ ನನಗೆ ಮೊದಲಿಂದಲೂ ಕಣ್ಣಿತ್ತು. ಮೈ, ಬಾಲ, ಜುಟ್ಟು ಎಲ್ಲ ಒಂದೇ ತಿಳಿ ಬೂದು, ಅಂಚಿಲ್ಲ, ಕಲೆಯಿಲ್ಲ. ನೀಲಿಯ ಹಾಗೆ ಒಡೆಯುವುದೂ ಇಲ್ಲ. ಇದು ಎರಡು ಪ್ರತಿ ಇದ್ದರೆ ಮಾತ್ರ ಕಾಣುವ ಬಣ್ಣ. ಹಾಗಾಗಿ ಲ್ಯಾವೆಂಡರಿಗೆ ಲ್ಯಾವೆಂಡರ್ ಸೇರಿಸಿದರೆ ಎಲ್ಲವೂ ಲ್ಯಾವೆಂಡರ್. ಒಂದು ಜೋಡಿ ತಂದೆ, 11 ಮರಿ ಬಂದವು, ಹನ್ನೊಂದೂ ಬೂದು. ಇಷ್ಟು ಸುಲಭವಾ ಅಂದುಕೊಂಡೆ.

ಮೂರು ತಿಂಗಳಿಗೆ ಗೊತ್ತಾಯಿತು. ಬೆನ್ನಿನ, ಬಾಲದ ಪುಕ್ಕ ಹರಿದ ಪೊರಕೆಯ ಹಾಗೆ ಬಿರುಬಿರುಕು. ಜುಟ್ಟು ತಡವಾಗಿ ಬಂತು, ಬಂದದ್ದೂ ಅಲ್ಲಲ್ಲಿ ಎಳೆ ಎಳೆ. ಪುಕ್ಕ ಸರಿಯಾಗಿ ಬೆಳೆಯಲು ಬಿಡದ ಇನ್ನೊಂದು ದೋಷ ಹೆಚ್ಚಾಗಿ ಈ ಬಣ್ಣದ ಜೀನಿಗೆ ಅಂಟಿಕೊಂಡಿರುತ್ತದೆ, ಜೊತೆಜೊತೆಯಾಗಿ ಮುಂದಿನ ತಲೆಮಾರಿಗೆ ದಾಟುತ್ತದೆ. ಬೇರೆ ಕೋಳಿಯಲ್ಲಾದರೆ ಹೇಗೋ ಸಹಿಸಬಹುದು. ಜುಟ್ಟೇ ಹೆಸರಾದ ಕೋಳಿಯಲ್ಲಿ ಜುಟ್ಟು ಕೆಟ್ಟರೆ ಇನ್ನೇನು ಉಳಿಯಿತು?

ಅದಕ್ಕೆ ಮದ್ದು ಇದೆ: ಒಳ್ಳೆಯ ಪುಕ್ಕದ ಕಪ್ಪಿಗೆ ಸೇರಿಸುವುದು. ಮೂರನೇ ವರ್ಷ ಸೇರಿಸಿದೆ. ಹುಟ್ಟಿದ 13 ಮರಿಗಳೂ ಕಪ್ಪು, ಒಳಗೆ ಒಂದೊಂದು ಲ್ಯಾವೆಂಡರ್ ಪ್ರತಿ ಹೊತ್ತವು. ಒಂದಿಡೀ ವರ್ಷ ಬೇಕಾದ ಬಣ್ಣದ ಒಂದು ಮರಿಯೂ ಇಲ್ಲದೆ ಕಪ್ಪು ಕೋಳಿ ಸಾಕಿದೆ. ನಾಲ್ಕನೇ ವರ್ಷ ಎರಡು ಥರ ಮಾಡಿ ನೋಡಿದೆ. ಈ ಕಪ್ಪು ಅಣ್ಣ-ತಂಗಿಯರನ್ನೇ ತಮ್ಮೊಳಗೆ ಸೇರಿಸಿದಾಗ 19 ಮರಿಗಳಲ್ಲಿ ಲ್ಯಾವೆಂಡರ್ 4. ಒಂದು ಕಪ್ಪು ಹುಂಜವನ್ನು ಹಳೆಯ ಲ್ಯಾವೆಂಡರ್ ಹೇಟೆಗೆ ಸೇರಿಸಿದಾಗ 16ರಲ್ಲಿ 7. ಎರಡನೆಯದೇ ವಾಸಿ, ಬರೀ ಸಂಖ್ಯೆ ಜಾಸ್ತಿ ಅಂತಲ್ಲ. ಅದರಲ್ಲಿ ಬಂದ ಕಪ್ಪು ಮರಿಗಳೆಲ್ಲ ಖಚಿತವಾಗಿ ಒಂದು ಪ್ರತಿ ಹೊತ್ತಿರುತ್ತವೆ. ಮೊದಲನೆಯದರ 15 ಕಪ್ಪುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊತ್ತಿರುತ್ತವೆ, ಉಳಿದವು ಇಲ್ಲ, ನೋಡಿದರೆ ಎಲ್ಲ ಒಂದೇ. ಯಾವುದು ಯಾವುದು ಅಂತ ತಿಳಿಯಬೇಕಾದರೆ ಪ್ರತಿಯೊಂದನ್ನೂ ಲ್ಯಾವೆಂಡರಿಗೆ ಸೇರಿಸಿ ಮರಿ ಮಾಡಿಸಬೇಕು. ಐದು ಮರಿ ಹುಟ್ಟಿ ಐದೂ ಕಪ್ಪಾದರೆ, ಆ ಕೋಳಿ ಪ್ರತಿ ಹೊತ್ತಿರುವ ಸಾಧ್ಯತೆ ತೀರಾ ಕಡಿಮೆ. ಹೊತ್ತಿದ್ದೂ ಐದಕ್ಕೆ ಐದೂ ಕಪ್ಪಾಗುವುದು 32ರಲ್ಲಿ ಒಂದು ಸಲ. ಹದಿನೈದು ಕೋಳಿಗೆ ಈ ಪರೀಕ್ಷೆ ಮಾಡೋಕೆ ಮನೆ ಸಾಲದು, ಕೋಳಿ ಫಾರಂ ಬೇಕು.

ಆ 7ರಲ್ಲಿ ಪುಕ್ಕ ಗಟ್ಟಿಯಾಗಿ ಬಂದದ್ದು ಮೂರಕ್ಕೆ. ಅವುಗಳಲ್ಲಿ ಒಂದು ಹೇಟೆ ಇದೆ. ಬೆಳಗಿನ ಬಿಸಿಲಲ್ಲಿ ಅದು ತಲೆ ಕೊಡವಿದಾಗ ಮಾತ್ರ ಈ ಖರ್ಚು, ಈ ಕಾಟ ಎಲ್ಲ ಮರೆತುಹೋಗುತ್ತದೆ. ಅದು ಲೆಕ್ಕಕ್ಕೆ ಬರುವುದಿಲ್ಲ, ಅಲ್ವಾ?

ನಡುವೆ ಒಂದು ಎಡವಟ್ಟೂ ಮಾಡಿಕೊಂಡೆ. ಜಾಗ ಸಾಲದೆ ಒಂದು ನೀಲಿ ಹೇಟೆಯನ್ನು ಲ್ಯಾವೆಂಡರ್ ಹುಂಜದ ಗೂಡಿಗೆ ಬಿಟ್ಟೆ. ಎರಡೂ ಬೂದು ತಾನೇ ಅಂತ. ಹುಟ್ಟಿದವು ಕೆಲವು ನೀಲಿ, ಕೆಲವು ಕಪ್ಪು, ಎಲ್ಲವೂ ಒಳಗೆ ಲ್ಯಾವೆಂಡರ್ ಹೊತ್ತವು. ಮರಿಯ ತುಪ್ಪಳದಲ್ಲಿ ನೀಲಿ, ಲ್ಯಾವೆಂಡರ್ ಎರಡೂ ಒಂದೇ ಥರ ಕಾಣುತ್ತವೆ. ಅಂಥ ಮರಿಯನ್ನು ಬರೀ ನೀಲಿ ಅಂತ ಯಾರಿಗಾದರೂ ಕೊಟ್ಟರೆ ಅವರ ಗೂಡನ್ನೂ ಕೆಡಿಸಿದ ಹಾಗೆ. ಈ ಎರಡು ಬಣ್ಣ ಒಂದೇ ಅಂಗಳದಲ್ಲಿ ಬೇಡ.

ಚಾಕೊಲೇಟಿನ ಕಥೆ ಮೋಸದಿಂದ ಶುರುವಾಯಿತು, ಅಥವಾ ಕೊಟ್ಟವರಿಗೂ ಗೊತ್ತಿರಲಿಲ್ಲವೋ ಏನೋ. ಮೂರನೇ ವರ್ಷ ಚಾಕೊಲೇಟ್ ಅಂತ ಒಂದು ಬಿಳಿ ಜುಟ್ಟಿನ ಕಂದು ಹುಂಜ ತಂದು ಕಪ್ಪು ಹೇಟೆಗಳಿಗೆ ಸೇರಿಸಿದೆ. 12 ಮರಿ, 5 ಕಂದು. ಎಂಟು ವಾರದ ಹೊತ್ತಿಗೆ ಆ ಐದರಲ್ಲಿ ಮೂರರ ಜುಟ್ಟಿನ ಪುಕ್ಕ ಚೂಪಾಗಿ ಹಿಂದಕ್ಕೆ ಬಾಗತೊಡಗಿತು. ಅಂದರೆ ಹುಂಜಗಳು. ಹೇಟೆಯ ಜುಟ್ಟಾದರೆ ಗುಂಡಗೆ ಚೆಂಡಿನ ಹಾಗಿರುತ್ತದೆ. ನಿಜವಾದ ಚಾಕೊಲೇಟ್ ಆಗಿದ್ದರೆ ಈ ಜೋಡಿಯಲ್ಲಿ ಒಂದೂ ಕಂದು ಹುಂಜ ಬರುವಂತಿಲ್ಲ. ನನ್ನ ಕೈಗೆ ಬಂದಿದ್ದು ಡನ್, ನೋಡೋಕೆ ಹಾಗೇ ಇರುವ ಬೇರೆಯೇ ಜೀನ್. ಅದು ನೀಲಿಯ ಥರ, ಒಂದು ಪ್ರತಿ ಇದ್ದರೂ ಕಾಣುತ್ತದೆ, ಹುಂಜ ಹೇಟೆ ಅನ್ನುವ ಭೇದವಿಲ್ಲ.

ಅಸಲಿ ಚಾಕೊಲೇಟಿನ ಲೆಕ್ಕ ಲಿಂಗಕ್ಕೆ ಅಂಟಿಕೊಂಡದ್ದು. ಅದರ ಜೀನ್ ಇರುವುದು ಝಡ್ ಅನ್ನುವ ಲಿಂಗದ ಕ್ರೋಮೋಸೋಮಿನಲ್ಲಿ. ಹುಂಜಕ್ಕೆ ಝಡ್ ಎರಡು, ಎರಡರಲ್ಲೂ ಆ ಜೀನ್ ಇದ್ದರೆ ಮಾತ್ರ ಕಂದು. ಹೇಟೆಗೆ ಒಂದೇ, ಅದೂ ಅಪ್ಪನಿಂದ ಬಂದದ್ದು. ಹಾಗಾಗಿ ಚಾಕೊಲೇಟ್ ಹುಂಜ, ಕಪ್ಪು ಹೇಟೆ ಸೇರಿದರೆ ಹೆಣ್ಣು ಮರಿಗಳೆಲ್ಲ ಚಾಕೊಲೇಟ್, ಗಂಡು ಮರಿಗಳೆಲ್ಲ ಕಪ್ಪು. ಉಲ್ಟಾ ಸೇರಿಸಿದರೆ ಎಲ್ಲವೂ ಕಪ್ಪು. ನಾಲ್ಕನೇ ವರ್ಷ ಬೇರೆ ಹುಂಜ ಸಿಕ್ಕಿತು. ಡನ್ ಹುಂಜವನ್ನು ತೆಗೆದು ಮೂರು ವಾರ ಕಾದೆ, ಹಳೆಯ ಹುಂಜದ ಬೀಜ ಹೇಟೆಯ ಒಳಗೆ ಅಷ್ಟು ದಿನ ಉಳಿಯಬಹುದು. ಆಮೇಲೆ ಮೊಟ್ಟೆ ಕೂಡಿಸಿದೆ. 15 ಮರಿ. 8 ಕಂದು, 7 ಕಪ್ಪು. ಬೆಳೆದ ಮೇಲೆ ನೋಡಿದರೆ ಎಂಟೂ ಹೇಟೆ, ಏಳೂ ಹುಂಜ. ಹುಟ್ಟಿದ ದಿನವೇ ತುಪ್ಪಳ ನೋಡಿ ಹೆಣ್ಣೋ ಗಂಡೋ ಹೇಳಬಹುದು ಅನ್ನೋದು ಮನೆಯಲ್ಲಿ ಸಾಕುವವರಿಗೆ ಎಷ್ಟು ದೊಡ್ಡ ಉಪಕಾರ ಅಂತ, ಎರಡು ತಿಂಗಳು ಹುಂಜ ಯಾವುದು ಅಂತ ತಿಳಿಯದೆ ತಿನ್ನಿಸಿದವರಿಗೇ ಗೊತ್ತು. ಒಂದೇ ದೂರು: ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ. ನೆರಳು ಇರಬೇಕು.

ಮರಿ ಮಾಡಿಸುವ ಕೆಲಸದಲ್ಲಿ ಮೂರಕ್ಕೂ ವ್ಯತ್ಯಾಸ ಇಲ್ಲ. ಪೋಲಿಷ್ ಹೇಟೆ ಕಾವಿಗೆ ಕೂರುವುದೇ ಅಪರೂಪ. ಇಂಕ್ಯುಬೇಟರ್, 37.5 ಡಿಗ್ರಿ, 21 ದಿನ. ಮರಿಗಳನ್ನು ಮಾತ್ರ ಜುಟ್ಟಿಲ್ಲದ ಮರಿಗಳ ಜೊತೆ ಬಿಡಬೇಡಿ. ಜುಟ್ಟಿನ ಮರಿಯ ನೆತ್ತಿ ಉಬ್ಬಿರುತ್ತದೆ, ಮೂಳೆ ಪೂರ್ತಿ ಕೂಡಿರುವುದಿಲ್ಲ. ಒಂದು ಕುಕ್ಕು ಸಾಕು. ನಾನು ಎರಡು ಮರಿ ಹೀಗೇ ಕಳೆದುಕೊಂಡೆ. ಮರಿಗಳನ್ನು ಆರಿಸುವಾಗ ನಾನು ಮೊದಲು ನೋಡುವುದೂ ಈ ಉಬ್ಬನ್ನೇ. ಉಬ್ಬು ಚೆನ್ನಾಗಿದ್ದರೆ ಜುಟ್ಟು ಚೆನ್ನಾಗಿ ಬರುತ್ತದೆ. ನೀಲಿ ಮಾಡುವಾಗ ಬಣ್ಣ ನೋಡಿ ಸಣ್ಣ ತಲೆಯವನ್ನು ಉಳಿಸಿಕೊಂಡು ಒಂದು ತಲೆಮಾರು ಹಾಳು ಮಾಡಿದ್ದೇನೆ.

ಒಂದೇ ಗೂಡು ಇರುವವರಿಗೆ ನಾನು ಹೇಳುವುದು ಸ್ಪ್ಲ್ಯಾಶ್ ಹುಂಜ, ಕಪ್ಪು ಹೇಟೆ. ಎರಡು ಗೂಡು ಇದ್ದರೆ ಚಾಕೊಲೇಟ್, ಕಣ್ಣು ಮುಚ್ಚಿಕೊಂಡು. ಲ್ಯಾವೆಂಡರ್ ಹಿಡಿಯಬೇಕಾದರೆ ಮೂರು ಗೂಡು ಬೇಕು, ಜೊತೆಗೆ ಒಂದು ವರ್ಷ ಕಪ್ಪು ಕೋಳಿಗಳನ್ನೇ ನೋಡುತ್ತಾ ಕೂರುವ ತಾಳ್ಮೆ ಬೇಕು.

ಈಗ ಇಂಕ್ಯುಬೇಟರಿನಲ್ಲಿ 16 ಮೊಟ್ಟೆಗಳಿವೆ. ಕಳೆದ ವರ್ಷದ ಕಪ್ಪು ಗಂಡು ಮರಿಗಳಲ್ಲಿ ಜುಟ್ಟು ಚೆನ್ನಾಗಿದ್ದ ಒಂದನ್ನು ಚಾಕೊಲೇಟ್ ಹೇಟೆಗೆ ಸೇರಿಸಿದ್ದು. ಅಪ್ಪ ಒಬ್ಬನೇ, ತಾಯಿ ಬೇರೆ ಅನ್ನೋದಷ್ಟೇ ಸಮಾಧಾನ. ಈ ಸಲ ಕಂದು ಮರಿಗಳಲ್ಲಿ ಹುಂಜವೂ ಇರಬಹುದು. ಹಾಗಾಗಿ ಬಣ್ಣ ನೋಡಿ ಹೇಳುವ ಹಾಗಿಲ್ಲ. ಮತ್ತೆ ಎಂಟು ವಾರ ಜುಟ್ಟಿನ ಪುಕ್ಕ ಚೂಪೋ ಗುಂಡೋ ಅಂತ ನೋಡುತ್ತಾ ಕೂರಬೇಕು.